ಮಾಳಿಗೆಯ ಕುಂಬಿ



ನಮ್ಮ ಹಳ್ಳಿಗಳಲ್ಲಿ ಎರಡು ಮಾತುಗಳು ಬಹಳ ಸುಲಭವಾಗಿ ಬಾಯಿಗೆ ಬರುತ್ತವೆ. ಮಳೆಗಾಲಕ್ಕೆ ಮುಂಚೆ, “ಹಿಂದಿನ ಗೋಡೆ ಬಿರುಕು ಬಿಟ್ಟೈತಲ್ಲ, ಏನರ ಮಾಡಬಾರದ?” ಎಂದು ಯಾರಾದರೂ ಕೇಳಿದರೆ, “ದೇವರದಾನ್ರಿ, ಕಾಯ್ತಾನ” ಎನ್ನುತ್ತೇವೆ. ಅದೇ ಗೋಡೆ ಮಳೆಗಾಲದಲ್ಲಿ ಬಿದ್ದು ಮನೆಯಲ್ಲೊಬ್ಬರಿಗೆ ಹೆಚ್ಚುಕಡಿಮೆಯಾದರೆ, “ದೇವರ ಚಿತ್ತ, ಏನ್ ಮಾಡೂದ್ರಿ” ಎನ್ನುತ್ತೇವೆ. ಎರಡರಲ್ಲೂ ದೇವರ ಹೆಸರಿದೆ. ಆದರೆ ಮೊದಲನೆಯ ಮಾತಿಗೂ ಎರಡನೆಯ ಮಾತಿಗೂ ನಡುವೆ ನಮಗೆ ಎಷ್ಟೋ ದಿನಗಳು ಸಿಕ್ಕಿದ್ದವು. ಆ ದಿನಗಳಲ್ಲಿ ನಮ್ಮ ಕೈಗಳು ಏನು ಮಾಡುತ್ತಿದ್ದವು? ಈ ವಾರ ಅದನ್ನೇ ಸ್ವಲ್ಪ ಧ್ಯಾನಿಸೋಣ.

ಕುಂದಗೋಳ ತಾಲೂಕಿನ ಗುಡಗೇರಿಯನ್ನೇ ತೆಗೆದುಕೊಳ್ಳಿ. ಹುಬ್ಬಳ್ಳಿಯಿಂದ ಬೆಂಗಳೂರಿನ ಕಡೆಗೆ ಹೋಗುವ ರೈಲು ಹಾದಿಯ ಮೇಲಿರುವ ಊರು. ಸುತ್ತಲೂ ಎರೆಭೂಮಿ. ಹತ್ತಿ, ಮೆಣಸಿನಕಾಯಿ, ಜೋಳ, ಹೆಸರು ಬೆಳೆಯುವ ಸೀಮೆ. ಎರೆಮಣ್ಣಿನ ಗುಣ ನಿಮಗೆ ಹೇಳಿಕೊಡಬೇಕಾಗಿಲ್ಲ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಹೊಲಕ್ಕೆ ಅದು ವರ, ಮನೆಯ ಅಡಿಪಾಯಕ್ಕೆ ಅಲ್ಲ. ವರ್ಷ ವರ್ಷವೂ ನೆಲ ಉಬ್ಬಿ ಇಳಿದಾಗ ಗೋಡೆಯೂ ಅದರೊಂದಿಗೆ ಏರಿ ಇಳಿದು, ಮೂಲೆಗಳಲ್ಲಿ, ಬಾಗಿಲಿನ ಮೇಲೆ ಬಿರುಕು ಮೂಡುತ್ತದೆ. ಆ ಗೋಡೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಅದರ ಮೇಲೆ ಮಣ್ಣು. ಇದು ನಮ್ಮ ಮಾಳಿಗೆಮನೆ. ಬೇಸಿಗೆಗೆ ತಂಪು, ಚಳಿಗಾಲಕ್ಕೆ ಬೆಚ್ಚಗೆ. ಸಿಮೆಂಟಿನ ಮನೆಗಳು ಎಷ್ಟೇ ಎದ್ದಿದ್ದರೂ, ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಹಿರಿಯರು ಮಲಗುವುದು ಇನ್ನೂ ಎಷ್ಟೋ ಕಡೆ ಮಾಳಿಗೆಯ ಕೆಳಗೇ.

ಆ ಮಣ್ಣಿನ ಭಾರವನ್ನು ನಾವು ಲೆಕ್ಕ ಹಾಕುವುದಿಲ್ಲ. ಹತ್ತಡಿಗೆ ಹತ್ತಡಿಯ ಒಂದು ಕೋಣೆಯ ಮೇಲೆ ಒಂದಡಿ ದಪ್ಪ ಮಣ್ಣಿದ್ದರೆ ಅದರ ತೂಕ ಸುಮಾರು ನಾಲ್ಕೂವರೆ ಟನ್. ಚೆನ್ನಾಗಿ ನೆನೆದರೆ ಐದು ಟನ್ ದಾಟುತ್ತದೆ. ಪ್ರತಿ ಬೇಸಿಗೆಯಲ್ಲೂ, ಮಿರಗದ ಮಳೆ ಕೂಡುವ ಮೊದಲು, ಸೋರಬಾರದೆಂದು ಮೇಲೆ ಇನ್ನೊಂದು ಪದರ ಮಣ್ಣು ಹಾಕುತ್ತೇವೆ. ಹಳೆಯ ಪದರವನ್ನು ತೆಗೆದು ಹೊಸದನ್ನು ಹಾಕಿದರೆ ಸರಿ. ತೆಗೆಯದೆ ಹಾಕುತ್ತ ಹೋದರೆ ಅಜ್ಜನ ಕಾಲದ ತೊಲೆ ಮೊಮ್ಮಗನ ಕಾಲಕ್ಕೆ ಎರಡು ಮನೆಯ ಭಾರ ಹೊತ್ತು ನಿಂತಿರುತ್ತದೆ.

ಒಂದೇ ಸಲ ಬಿದ್ದು ಹೋಗುವ ಜೋರು ಮಳೆಗಿಂತ ಇಂಥ ಮನೆಗೆ ಅಪಾಯ ತರುವುದು ಮೂರು ನಾಲ್ಕು ದಿನ ಬಿಡದೆ ಹಿಡಿಯುವ ಮಳೆ. ನೀರು ಗೋಡೆಯೊಳಗೆ ಸದ್ದಿಲ್ಲದೆ ಇಳಿಯುತ್ತದೆ. 2009ರ ಸೆಪ್ಟೆಂಬರ್ ಕೊನೆಯಲ್ಲಿ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದಲ್ಲಿ ಸುರಿದದ್ದು ಅಂಥ ಮಳೆ. ಇನ್ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಅವರಲ್ಲಿ ಅನೇಕರನ್ನು ಹೊಳೆ ಒಯ್ಯಲಿಲ್ಲ. ಅವರದೇ ಮನೆಯ ಗೋಡೆ ಅವರ ಮೇಲೆ ಬಿತ್ತು. 2019ರ ಆಗಸ್ಟಿನಲ್ಲಿ ಮತ್ತೆ ಅದೇ ಆಯಿತು. ಪೂರ್ತಿ ಬಿದ್ದ ಮನೆಗೆ ಸರಕಾರ ಐದು ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ಹಣ ಮನೆಯನ್ನು ಕಟ್ಟಿಕೊಡಬಲ್ಲದು, ಒಳಗೆ ಮಲಗಿದ್ದವರನ್ನು ತಂದುಕೊಡಲಾರದು.

ಇನ್ನೊಂದನ್ನು ನಮ್ಮಲ್ಲಿ ಐವತ್ತು ದಾಟಿದವರು ಮರೆತಿರಲಿಕ್ಕಿಲ್ಲ. 1993ರ ಸೆಪ್ಟೆಂಬರ್ 30, ಬೆಳಗಿನ ಜಾವ ನಾಲ್ಕು ಗಂಟೆಗೆ ಕೆಲವೇ ನಿಮಿಷ ಬಾಕಿ. ನಮ್ಮ ಗಡಿಗೆ ಹತ್ತಿರದ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಹಿಂದಿನ ರಾತ್ರಿ ಗಣೇಶನನ್ನು ಕಳಿಸಿ ದಣಿದು ಬಂದ ಜನ ಗಾಢನಿದ್ರೆಯಲ್ಲಿದ್ದರು. ಹತ್ತಿರ ಹತ್ತಿರ ಹತ್ತು ಸಾವಿರ ಜನ ಸತ್ತರು. ಭೂಕಂಪದ ಪ್ರಮಾಣ ಆರಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಅಷ್ಟು ಜನ ಸಾಯಲು ಕಾರಣ ಅವರ ಮನೆಗಳು. ಕಲ್ಲು ಮಣ್ಣಿನ ದಪ್ಪ ಗೋಡೆ, ಒಳಮೈ ಹೊರಮೈ ಎರಡನ್ನೂ ಹಿಡಿದಿಡುವ ಉದ್ದನೆಯ ಕಲ್ಲು ನಡುನಡುವೆ ಇಲ್ಲ, ಮೇಲೆ ಭಾರದ ಮಣ್ಣಿನ ಮಾಳಿಗೆ. ಓದುವಾಗ ನಮ್ಮ ಮನೆಯ ಚಿತ್ರವೇ ಕಣ್ಣ ಮುಂದೆ ಬರುವುದಿಲ್ಲವೆ?

ಪ್ರಭು ಯೇಸು ಹುಟ್ಟಿ ಬೆಳೆದ ನಾಡಿನ ಮನೆಗಳೂ ಹೆಚ್ಚುಕಡಿಮೆ ಹೀಗೆಯೇ ಇದ್ದವು. ಮೇಲೆ ಸಮತಟ್ಟು, ತೊಲೆಗಳ ಮೇಲೆ ರೆಂಬೆ ಹರಡಿ ಮಣ್ಣು ಮೆತ್ತಿದ ಮಾಳಿಗೆ. ಮಾಳಿಗೆಯ ಮೇಲೆ ಹುಲ್ಲು ಹುಟ್ಟಿ ಬಿಸಿಲಿಗೆ ಒಣಗುವುದನ್ನು ಕೀರ್ತನೆಗಾರ ಕಂಡಿದ್ದಾನೆ. ಜನ ಅಲ್ಲಿ ಕಾಳು ಒಣಗಿಸುತ್ತಿದ್ದರು, ಸಂಜೆ ಗಾಳಿಗೆ ಕೂಡುತ್ತಿದ್ದರು, ಪ್ರಾರ್ಥಿಸುತ್ತಿದ್ದರು. ಆದ್ದರಿಂದಲೇ ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿ ಮೋಶೆಯ ಮೂಲಕ ದೇವರು ಕೊಟ್ಟ ಒಂದು ಪುಟ್ಟ ಆಜ್ಞೆ ನಮ್ಮ ಸೀಮೆಯವರಿಗೆ ಬೇರೆಯವರಿಗಿಂತ ಬೇಗ ಅರ್ಥವಾಗಬೇಕು. ಹೊಸ ಮನೆ ಕಟ್ಟುವವನು ಮಾಳಿಗೆಗೆ ಕುಂಬಿ ಕಟ್ಟಿಸಬೇಕು. ಕಟ್ಟಿಸದೆ ಯಾರಾದರೂ ಅಲ್ಲಿಂದ ಬಿದ್ದು ಸತ್ತರೆ ಆ ರಕ್ತದ ಹೊಣೆ ಆ ಮನೆಯ ಮೇಲೆ ಬರುತ್ತದೆ.

ಈ ಆಜ್ಞೆ ಎಲ್ಲಿದೆ ನೋಡಿ. ಗುಡಾರದ ವಿಧಿಗಳ ನಡುವೆ ಅಲ್ಲ, ಬಲಿಗಳ ನಿಯಮಗಳ ನಡುವೆಯೂ ಅಲ್ಲ. ದಾರಿ ತಪ್ಪಿದ ನೆರೆಯವನ ಎತ್ತನ್ನು ಅವನ ಮನೆಗೆ ತಲುಪಿಸು, ಹಾದಿಯಲ್ಲಿ ಬಿದ್ದ ಅವನ ಕತ್ತೆಯನ್ನು ಎಬ್ಬಿಸಲು ಕೈಕೊಡು ಎಂಬ ಆಜ್ಞೆಗಳ ಪಕ್ಕದಲ್ಲಿದೆ. ಹಾಗಾದರೆ ಕುಂಬಿ ಕಟ್ಟುವುದು ಬರೀ ಗೌಂಡಿಯ ಕೆಲಸವಲ್ಲ, ನೆರೆಪ್ರೀತಿಯ ಕೆಲಸ. ಇನ್ನೊಂದು ವಿಷಯ: ಮನೆಯ ಯಜಮಾನನಿಗೆ ತನ್ನ ಮಾಳಿಗೆಯ ಅಂಚು ಎಲ್ಲಿದೆ ಎಂದು ಕತ್ತಲಲ್ಲೂ ಗೊತ್ತು. ಗೊತ್ತಿಲ್ಲದವರು ಬೀಗರು, ಆಡುವ ಮಕ್ಕಳು, ಕಣ್ಣು ಮಂಜಾದ ಮುದುಕಿ. ಕುಂಬಿ ಇರುವುದು ಅವರಿಗಾಗಿ. ಅಪಾಯ ಬರುವ ಮೊದಲೇ, ಅದು ಯಾರಿಗೆ ಬಂದೀತು ಎಂದು ಯೋಚಿಸಿ ಮಾಡಿದ ಕೆಲಸವನ್ನು ದೇವರು ಧರ್ಮವೆಂದು ಕರೆದಿದ್ದಾರೆ.

“ಫಾದರ್, ಹಂಗಾರ ದೇವರ ಮ್ಯಾಲೆ ಭಾರ ಹಾಕೂದು ತಪ್ಪಾ?” ಎಂದು ನೀವು ಕೇಳಬಹುದು. ತಪ್ಪಲ್ಲ. ಆದರೆ ಭಾರ ಹಾಕುವುದು ಬೇರೆ, ಪರೀಕ್ಷೆ ಮಾಡುವುದು ಬೇರೆ. ತಪಸ್ಸುಕಾಲದ ಮೊದಲ ಭಾನುವಾರ ನಾವು ಕೇಳುವ ಶುಭಸಂದೇಶವನ್ನು ನೆನಪಿಸಿಕೊಳ್ಳಿ. ಸೈತಾನನು ಯೇಸುಸ್ವಾಮಿಯನ್ನು ಜೆರುಸಲೇಮ್ ದೇವಾಲಯದ ತುದಿಗೆ ಕರೆದೊಯ್ದು, ಇಲ್ಲಿಂದ ಧುಮುಕು, ದೇವದೂತರು ನಿನ್ನನ್ನು ಕೈಯಲ್ಲಿ ಹಿಡಿದುಕೊಳ್ಳುತ್ತಾರೆ ಎಂದು ಪವಿತ್ರಗ್ರಂಥವನ್ನೇ ಎತ್ತಿ ಆಡುತ್ತಾನೆ. ಕೇಳಲು ಎಷ್ಟು ಭಕ್ತಿಯ ಮಾತು! ಆದರೆ ಸ್ವಾಮಿ ಧುಮುಕಲಿಲ್ಲ. ದೇವರನ್ನು ಪರೀಕ್ಷಿಸುವುದು ಸಲ್ಲದೆಂದು ಹೇಳಿ ಮೆಟ್ಟಿಲಿನ ದಾರಿಯನ್ನೇ ಹಿಡಿದರು ಎಂದು ನಾನು ಊಹಿಸಿಕೊಳ್ಳುತ್ತೇನೆ. ಉಬ್ಬಿದ ಗೋಡೆಯ ಕೆಳಗೆ ಮಕ್ಕಳನ್ನು ಮಲಗಿಸಿ “ದೇವರು ಕಾಯ್ತಾನ” ಎನ್ನುವ ಮಾತಿನಲ್ಲಿ ಆ ದೇವಾಲಯದ ತುದಿಯಲ್ಲಿ ಕೇಳಿಬಂದ ಧ್ವನಿ ಇಲ್ಲವೆ? ಜಪಸರ ಹಿಡಿದ ಕೈಯೇ ಮಕ್ಕಳ ಹಾಸಿಗೆಯನ್ನು ನಡುಮನೆಗೆ ಎಳೆಯಬೇಕು.

ಇನ್ನು ಎರಡನೆಯ ಮಾತು, ದೇವರ ಚಿತ್ತ. ಲೂಕನ ಶುಭಸಂದೇಶದ 13ನೆಯ ಅಧ್ಯಾಯದಲ್ಲಿ ಒಂದು ಕಟ್ಟಡ ಕುಸಿದ ಸುದ್ದಿ ಇದೆ. ಸಿಲೋವಾಮಿನ ಗೋಪುರ ಬಿದ್ದು ಹದಿನೆಂಟು ಜನ ಸತ್ತಿದ್ದರು. ಅವರೇನು ಉಳಿದೆಲ್ಲರಿಗಿಂತ ದೊಡ್ಡ ಪಾಪಿಗಳಾಗಿದ್ದರೆಂದು ತಿಳಿದಿರಾ ಎಂದು ಸ್ವಾಮಿ ತಾವೇ ಕೇಳಿ, ಇಲ್ಲವೆಂದು ತಾವೇ ಉತ್ತರಿಸಿದರು. ಸತ್ತವರ ಮೇಲೆ ತೀರ್ಪು ಹೇಳುವುದನ್ನು ನಿಲ್ಲಿಸಿ ಬದುಕಿರುವ ನೀವು ಮನಸ್ಸು ತಿರುಗಿಸಿರಿ ಎಂಬುದು ಅವರ ಮಾತಿನ ಭಾವ. ಧಾರವಾಡದ ಕುಮಾರೇಶ್ವರ ನಗರದಲ್ಲಿ 2019ರ ಮಾರ್ಚ್ 19ರಂದು ಕಟ್ಟುತ್ತಿದ್ದ ಬಹುಮಹಡಿ ಕಟ್ಟಡವೊಂದು ಹಾಡುಹಗಲೇ ಕುಸಿಯಿತು. ಹತ್ತೊಂಬತ್ತು ಜನ ಪ್ರಾಣ ಕಳೆದುಕೊಂಡರು. ಸಿಲೋವಾಮಿಗಿಂತ ಒಬ್ಬರು ಹೆಚ್ಚು. ಅಗ್ನಿಶಾಮಕದವರು, ವಿಪತ್ತು ಪಡೆಯವರು ದಿನಗಟ್ಟಲೆ ಅವಶೇಷ ಬಗೆದು ಬದುಕಿದ್ದವರನ್ನು ಹೊರತೆಗೆದರು. ಅಲ್ಲಿ ಸತ್ತವರ ಮನೆಯ ಮುಂದೆ ನಿಂತು ‘ದೇವರ ಚಿತ್ತ’ ಎನ್ನುವ ಧೈರ್ಯ ನನಗಿಲ್ಲ. ಮನುಷ್ಯರ ಕೈ ಕಟ್ಟಿದ್ದು ಬಿದ್ದಾಗ ಮನುಷ್ಯರ ಕೈಗಳನ್ನೇ ಮೊದಲು ನೋಡಬೇಕು. ಕುಂಬಿಯ ಆಜ್ಞೆ ಹೇಳುವುದೂ ಅದನ್ನೇ. ಬಿದ್ದವನ ರಕ್ತದ ಲೆಕ್ಕವನ್ನು ಅದು ವಿಧಿಯ ಹತ್ತಿರ ಕೇಳುವುದಿಲ್ಲ, ಮನೆಯವನ ಹತ್ತಿರ ಕೇಳುತ್ತದೆ.

ಸಿದ್ಧತೆ ಎಂಬುದು ಪಟ್ಟಣದ ಆಫೀಸಿನಿಂದ ಬಂದ ಹೊಸ ಮಾತೆಂದು ತಿಳಿಯಬೇಡಿ. ನಮ್ಮ ಹಿರಿಯರು ಅದನ್ನು ಮಾತಿನಲ್ಲಿ ಹೇಳದೆ ಮಾಡಿ ತೋರಿಸಿದ್ದರು. ಹಗೇವು ನಿಮಗೆ ನೆನಪಿದೆಯೆ? ನೆಲದೊಳಗೆ ತೋಡಿದ ಜೋಳದ ಕಣಜ. ಬೆಳೆದ ವರ್ಷ ತುಂಬಿ ಬಾಯಿ ಮುಚ್ಚಿದರೆ ಬರಗಾಲದ ವರ್ಷ ತೆಗೆಯುತ್ತಿದ್ದರು. ಈಜಿಪ್ಟಿನಲ್ಲಿ ಜೋಸೆಫನು ಏಳು ಸುಗ್ಗಿಯ ವರ್ಷಗಳಲ್ಲಿ ಐದರಲ್ಲೊಂದು ಪಾಲು ಕೂಡಿಟ್ಟ ಕಥೆ ನಮ್ಮ ಅಜ್ಜಂದಿರಿಗೆ ಹೊಸದಾಗಿ ಕಂಡಿರಲಾರದು. ಹಗೇವಿನ ಬಾಯಿ ತೆರೆದಾಗ ಇನ್ನೊಂದು ಎಚ್ಚರವಿತ್ತು. ಯಾರೂ ತಕ್ಷಣ ಇಳಿಯುತ್ತಿರಲಿಲ್ಲ. ಬಹಳ ಹೊತ್ತು ತೆರೆದಿಟ್ಟು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಒಳಗಿನ ಗಾಳಿ ಕೆಟ್ಟಿದೆ, ಇಳಿಯಬಾರದು. ಮದುಮಗನಿಗಾಗಿ ಕಾದ ಕನ್ಯೆಯರಲ್ಲಿ ಐವರು ದೀಪದೊಂದಿಗೆ ಎಣ್ಣೆಯನ್ನೂ ಒಯ್ದದ್ದರಿಂದ ಬುದ್ಧಿವಂತರೆನಿಸಿದರು. ದೀಪದ ಮಾತು ಕೇಳಿ ಹಗೇವಿನ ಬಾಯಲ್ಲೇ ನಿಂತ ನಮ್ಮ ಅಜ್ಜನನ್ನೂ ನಾನು ಅವರ ಸಾಲಿನಲ್ಲೇ ಕೂಡಿಸುತ್ತೇನೆ.

ಹಗೇವು ಈಗ ಅಪರೂಪ. ಆದರೆ ಶೌಚದ ಗುಂಡಿ, ಹಳೆಯ ಬಾವಿಗಳಿವೆ. ಅಲ್ಲಿಯೂ ಅದೇ ಕೆಟ್ಟ ಗಾಳಿ. ಒಬ್ಬ ಇಳಿದು ಬಿದ್ದನೆಂದು ಅವನನ್ನು ತರಲು ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ ಇಳಿದು, ಒಂದೇ ಮನೆಯ ಇಬ್ಬರು ಮೂವರು ಹೋದ ಸುದ್ದಿ ಪತ್ರಿಕೆಯಲ್ಲಿ ಮೇಲಿಂದ ಮೇಲೆ ಬರುತ್ತದೆ. ಪ್ರೀತಿಯಿಂದಲೇ ಇಳಿಯುತ್ತಾರೆ, ಅದೇ ದುಃಖ. ಇಳಿಯಬೇಡಿ. ಗುಂಡಿಗೆ ದೀಪವನ್ನೂ ಇಳಿಬಿಡಬೇಡಿ, ಅಲ್ಲಿಯ ಗಾಳಿ ಹೊತ್ತಿಕೊಳ್ಳಬಹುದು. ಮೇಲೆ ನಿಂತೇ 112ಕ್ಕೆ ಫೋನ್ ಮಾಡಿ. ಪೋಲೀಸರು, ಅಗ್ನಿಶಾಮಕ, ಆಂಬುಲೆನ್ಸ್ ಎಲ್ಲಕ್ಕೂ ಈಗ ಅದೊಂದೇ ಸಂಖ್ಯೆ ಸಾಕು. ಆಂಬುಲೆನ್ಸಿಗೆ ಹಳೆಯ 108 ಕೂಡ ನಡೆಯುತ್ತದೆ.

ಸರಕಾರ ಏನೂ ಮಾಡಿಲ್ಲವೆಂದರೆ ಅದು ನ್ಯಾಯವಲ್ಲ. ಬರಗಾಲದ ಮೇಲೆ ಕಣ್ಣಿಡಲು 1988ರಲ್ಲಿ ಬೆಂಗಳೂರಿನಲ್ಲಿ ಒಂದು ಕೋಶ ಹುಟ್ಟಿತು, ದೇಶದಲ್ಲೇ ಮೊದಲನೆಯದು. ಅದೇ ಬೆಳೆದು ಇಂದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ರಾಜ್ಯದ ತುಂಬ, ಗ್ರಾಮ ಪಂಚಾಯಿತಿಯ ಮಟ್ಟದವರೆಗೆ, ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳು ತಾವಾಗಿಯೇ ಲೆಕ್ಕ ಕಳಿಸುತ್ತವೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಪ್ರತಿ ಜಿಲ್ಲೆಗೂ ಒಂದು ಪ್ರಾಧಿಕಾರವಿದೆ, ಜಿಲ್ಲಾಧಿಕಾರಿಗಳೇ ಅದರ ಅಧ್ಯಕ್ಷರು. 2023ರ ಅಕ್ಟೋಬರ್ 12ರಂದು ಕರ್ನಾಟಕದ ಮೊಬೈಲುಗಳು ಏಕಾಏಕಿ ಜೋರಾಗಿ ಕೂಗಿಕೊಂಡದ್ದು ನೆನಪಿರಬೇಕು. ತುರ್ತು ಎಚ್ಚರಿಕೆಯ ಪರೀಕ್ಷೆ ಅದು, ಕೇಂದ್ರದ ದೂರಸಂಪರ್ಕ ಇಲಾಖೆ ನಡೆಸಿದ್ದು. ಒಂದು ಕಾಲಕ್ಕೆ ಓಣಿ ಓಣಿ ತಿರುಗಿ ಡಂಗುರ ಹೊಡೆದು ಹೇಳುತ್ತಿದ್ದುದನ್ನು ಇನ್ನು ಮೇಲೆ ಈ ಪೆಟ್ಟಿಗೆ ಹೇಳಬಲ್ಲದು.

ಆದರೆ ಡಂಗುರಕ್ಕೂ ಇದಕ್ಕೂ ಒಂದು ವ್ಯತ್ಯಾಸವಿದೆ. ಡಂಗುರದ ಸದ್ದು ಕಿವಿ ಮಂದವಾದ ಅಜ್ಜಿಯ ಬಾಗಿಲಿಗೂ ಬರುತ್ತಿತ್ತು. ಮೊಬೈಲು ಯಾರ ಕಿಸೆಯಲ್ಲಿದೆ? ಮಗನ ಕಿಸೆಯಲ್ಲಿ. ಮಗ ಎಲ್ಲಿ? ಹುಬ್ಬಳ್ಳಿಯಲ್ಲಿ, ಕೆಲಸಕ್ಕೆ. ಎಚ್ಚರಿಕೆ ಬೆಂಗಳೂರಿನಿಂದ ಗುಡಗೇರಿಯವರೆಗೆ ಕ್ಷಣದಲ್ಲಿ ಬರುತ್ತದೆ, ಗುಡಗೇರಿಯ ಅಗಸೆಯಿಂದ ಅಜ್ಜಿಯ ಹಾಸಿಗೆಯವರೆಗಿನ ನೂರು ಮಾರು ದೂರವನ್ನು ಮಾತ್ರ ಯಾವ ಯಂತ್ರವೂ ದಾಟುವುದಿಲ್ಲ. ಅದನ್ನು ಯಾರಾದರೂ ನಡೆದೇ ದಾಟಬೇಕು.

ಹಳ್ಳದ ವಿಷಯ ಹೇಳದೆ ಈ ಸೀಮೆಯ ಮಾತು ಮುಗಿಯುವುದಿಲ್ಲ. ಶಿಗ್ಗಾಂವಿ ತಾಲೂಕಿನ ದುಂಡಶಿಯ ಕಡೆ ಹುಟ್ಟುವ ಬೆಣ್ಣೆಹಳ್ಳ ಕುಂದಗೋಳ, ಹುಬ್ಬಳ್ಳಿ, ನವಲಗುಂದ ಸೀಮೆಗಳನ್ನು ಹಾದು ರೋಣ ತಾಲೂಕಿನಲ್ಲಿ ಮಲಪ್ರಭೆಯನ್ನು ಕೂಡುತ್ತದೆ. ತುಪ್ಪರಿಹಳ್ಳ ಅದಕ್ಕೆ ಜೊತೆ. ಬೆಣ್ಣೆ, ತುಪ್ಪ! ಹೆಸರಿಟ್ಟ ಹಿರಿಯರಿಗೆ ಬೇಸಿಗೆಯ ಹಳ್ಳವಷ್ಟೇ ಕಂಡಿತ್ತೋ ಏನೋ. ನವಲಗುಂದ ತಾಲೂಕಿನ ಯಮನೂರಿನ ಜಾತ್ರೆಯಲ್ಲಿ ಹಿಂದೂಗಳು, ಮುಸಲ್ಮಾನರು ಇಬ್ಬರೂ ಭಕ್ತಿಯಿಂದ ಮೀಯುವುದು ಇದೇ ನೀರಿನಲ್ಲಿ. ಮಲಪ್ರಭೆಯ ನೀರನ್ನು ಹಿಡಿದು ಬಿಡಲು ನವಿಲುತೀರ್ಥದಲ್ಲಿ ಅಣೆಕಟ್ಟಿದೆ, ಬಿಡುವ ಮೊದಲು ಸುದ್ದಿ ಬರುತ್ತದೆ. ಬೆಣ್ಣೆಹಳ್ಳಕ್ಕೆ ಅಂಥ ಲಗಾಮಿಲ್ಲ. ಮೇಲೆಲ್ಲೋ ಮಳೆಯಾಗಿ ಇಲ್ಲಿ ಬಿಸಿಲಿದ್ದಾಗಲೂ ನೀರು ಬಂದೀತು. ಸೇತುವೆಯ ಮೇಲೆ ನೀರು ಹರಿಯುವಾಗ ಟ್ರ್ಯಾಕ್ಟರ್ ದಾಟಿಸುವುದನ್ನು, ಬೈಕ್ ದೂಡಿಕೊಂಡು ಹೋಗುವುದನ್ನು ಗಂಡಸುತನವೆಂದು ತಿಳಿದವರಿದ್ದಾರೆ. ರಭಸದ ನೀರು ಮೊಣಕಾಲ ಮಟ್ಟಕ್ಕಿದ್ದರೆ ಸಾಕು, ಬಲವಾದ ಆಳನ್ನೂ ಕೆಡವುತ್ತದೆ. ಎರಡಡಿ ನೀರು ಕಾರನ್ನು ತೇಲಿಸುತ್ತದೆ. ನೀರಿನ ಕೆಳಗೆ ಸೇತುವೆ ಇನ್ನೂ ಇದೆಯೋ ಇಲ್ಲವೋ ಎಂಬುದು ಮೇಲಿನಿಂದ ಕಾಣುವುದಿಲ್ಲ. ಈಚೆ ದಂಡೆಯಲ್ಲಿ ನಿಂತು ಮನೆಗೆ ಒಂದು ಫೋನ್ ಮಾಡಿ, “ಇವತ್ತ ಬರೂದಿಲ್ಲ, ಇಲ್ಲೇ ಯಾರ ಮನ್ಯಾಗರ ಇರ್ತೀನಿ” ಎನ್ನಲು ನಾಚಿಕೆಯೇಕೆ? ಅಪರಿಚಿತನಿಗೆ ಒಂದು ರಾತ್ರಿ ಜಾಗ ಕೊಡದಷ್ಟು ಈ ನಾಡು ಇನ್ನೂ ಕೆಟ್ಟಿಲ್ಲ.

ಸಿಡಿಲಿನ ಭಯಕ್ಕೆ ನಮ್ಮವರು ಸಂತ ಬಾರ್ಬರಳನ್ನು ನೆನೆಯುತ್ತಾರೆ. ಡಿಸೆಂಬರ್ 4 ಅವಳ ಹಬ್ಬ. ಹಳೆಯ ಸಂತರ ಪ್ರಾರ್ಥನಾಮಾಲೆಯಲ್ಲಿ ಸಿಡಿಲು ಬಿರುಗಾಳಿಗಳಿಂದಲೂ, ಸಿದ್ಧತೆಯಿಲ್ಲದೆ ಥಟ್ಟನೆ ಬರುವ ಮರಣದಿಂದಲೂ ನಮ್ಮನ್ನು ಬಿಡಿಸೆಂದು ಬೇಡುವ ರೂಢಿಯಿತ್ತು. ಬೇಡೋಣ. ಬೇಡುತ್ತ ಮರದ ಕೆಳಗಿನಿಂದ ಏಳೋಣ. 2019ರಿಂದ 2022ರವರೆಗೆ ವರ್ಷಕ್ಕೆ ಎರಡೂವರೆ ಸಾವಿರಕ್ಕೂ ಹೆಚ್ಚು ಜನ ನಮ್ಮ ದೇಶದಲ್ಲಿ ಸಿಡಿಲಿಗೆ ಬಲಿಯಾಗಿದ್ದಾರೆ. ಅವರಲ್ಲಿ ಹೆಚ್ಚಿನವರು ನಮ್ಮಂಥ ಹಳ್ಳಿಯ ಜನ, ಹೊಲದಲ್ಲಿದ್ದವರು, ದನ ಕುರಿ ಕಾಯುವವರು. ಅಡ್ಡಮಳೆಯ ದಿನಗಳಲ್ಲಿ, ಅಂದರೆ ಏಪ್ರಿಲ್ ಮೇ ತಿಂಗಳ ಮಧ್ಯಾಹ್ನಗಳಲ್ಲಿ, ಮೋಡ ಕವಿದರೆ ಹೀಗೆ ಮಾಡಿ: ಮಿಂಚು ಕಂಡ ಕೂಡಲೇ ಪರಲೋಕ ಮಂತ್ರವನ್ನು ನಿಧಾನವಾಗಿ ಹೇಳತೊಡಗಿ. ಅದಕ್ಕೆ ಸುಮಾರು ಅರ್ಧ ನಿಮಿಷ ಹಿಡಿಯುತ್ತದೆ. ಸದ್ದು ಒಂದು ಕಿಲೋಮೀಟರು ಬರಲು ಮೂರು ಸೆಕೆಂಡು ಬೇಕು. ಮಂತ್ರ ಮುಗಿಯುವ ಮೊದಲೇ ಗುಡುಗು ಕೇಳಿತೆಂದರೆ ಸಿಡಿಲು ಹತ್ತು ಕಿಲೋಮೀಟರಿನೊಳಗೆ ಬಂದಿದೆ, ಮುಂದಿನದು ನಿಮ್ಮ ಹೊಲದಲ್ಲೇ ಬೀಳಬಹುದು. ಬೇವಿನ ಮರ, ಹುಣಸೆಮರದ ಬುಡ ಬಿಟ್ಟು ಗಟ್ಟಿಯಾದ ಮನೆಯೊಳಗೆ ಸೇರಿ. ಕೊನೆಯ ಗುಡುಗಿನ ನಂತರ ಒಂದು ಜಪಸರ ಮುಗಿಯುವಷ್ಟು ಹೊತ್ತು, ಅಂದರೆ ಅರ್ಧ ಗಂಟೆ, ಹೊರಗೆ ಬರಬೇಡಿ. ಸಿಡಿಲು ಬಡಿದವರನ್ನು ಮುಟ್ಟಿದರೆ ನಮಗೂ ಬಡಿಯುತ್ತದೆಂಬ ಹೆದರಿಕೆ ಬೇಡ, ಅವರ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಉಸಿರು ನಿಂತಿದ್ದರೆ ತಡಮಾಡದೆ ಎದೆಯ ನಡುವೆ ಎರಡೂ ಕೈಯಿಂದ ಬಲವಾಗಿ ಒತ್ತುತ್ತಿರಬೇಕು. ನಮ್ಮ ಆಸ್ಪತ್ರೆಗಳ ಸಿಸ್ಟರುಗಳು ಇದನ್ನು ಒಂದು ಭಾನುವಾರ ಪೂಜೆಯ ನಂತರ ಯುವಜನರಿಗೆ ಮಾಡಿ ತೋರಿಸಬಾರದೇಕೆ? ಗಾಯನ ಮಂಡಳಿಗೆ ಕೊಡುವ ಸಮಯದಲ್ಲಿ ಕಾಲುಭಾಗ ಸಾಕು.

ಇಷ್ಟೆಲ್ಲ ಹೇಳಿ ನಾನು ಬರಬೇಕೆಂದಿದ್ದುದು ಮಾರ್ಕನ ಶುಭಸಂದೇಶದ ಎರಡನೆಯ ಅಧ್ಯಾಯಕ್ಕೆ. ಕಫೆರ್ನಾವುಮಿನ ಒಂದು ಮನೆ. ಒಳಗೆ ಯೇಸುಸ್ವಾಮಿ, ಬಾಗಿಲವರೆಗೆ ಜನ. ಪಾರ್ಶ್ವವಾಯು ಬಡಿದ ಒಬ್ಬನನ್ನು ಚಾಪೆಯೊಂದಿಗೆ ನಾಲ್ವರು ಹೊತ್ತು ತಂದರು. ಒಳಗೆ ಹೋಗಲಾಗಲಿಲ್ಲ. ಮಾಳಿಗೆ ಹತ್ತಿದರು, ಮಣ್ಣು ಬಗೆದು ಬೆಳಕಿಂಡಿಯಷ್ಟಗಲ ತೆರೆದರು, ಹಾಸಿಗೆ ಸಮೇತ ಅವನನ್ನು ಸ್ವಾಮಿಯ ಮುಂದೆ ಇಳಿಸಿದರು. ಮನೆಯವನು ಏನೆಂದುಕೊಂಡನೋ ಮಾರ್ಕ ಬರೆದಿಲ್ಲ! ಆದರೆ ಒಂದನ್ನು ಬರೆದಿದ್ದಾನೆ. ಸ್ವಾಮಿ ಕಂಡದ್ದು ಮಲಗಿದವನ ವಿಶ್ವಾಸವನ್ನಷ್ಟೇ ಅಲ್ಲ, ಹೊತ್ತು ತಂದವರ ವಿಶ್ವಾಸವನ್ನು. ವಿಶ್ವಾಸ ಕಣ್ಣಿಗೆ ಕಾಣುತ್ತದೆಯೆ? ಅಂದು ಕಂಡಿತು. ಅದಕ್ಕೆ ನಾಲ್ಕು ಜೊತೆ ಕೈಗಳಿದ್ದವು, ಹೊರುವ ಭುಜಗಳಿದ್ದವು, ಯಾರು ಯಾವ ಮೂಲೆ ಹಿಡಿಯಬೇಕೆಂಬ ಒಪ್ಪಂದವಿತ್ತು. ಬಾಗಿಲು ಮುಚ್ಚಿದರೆ ಬೇರೆ ದಾರಿ ಯಾವುದೆಂಬ ಯೋಚನೆಯೂ ಇತ್ತು.

ಈಗ ನಿಮ್ಮ ಓಣಿಯನ್ನು ಕಣ್ಣಮುಂದೆ ತಂದುಕೊಳ್ಳಿ. ಅಲ್ಲಿ ಹಾಸಿಗೆ ಬಿಟ್ಟು ಏಳಲಾರದವರು ಯಾರು? ಕಣ್ಣು ಕಾಣದವರು, ಒಬ್ಬರೇ ಇರುವವರು, ಹೆರಿಗೆಗೆ ತವರಿಗೆ ಬಂದವರು ಯಾರು? ರಾತ್ರಿ ಎರಡು ಗಂಟೆಗೆ ಗೋಡೆಯಿಂದ ಮಣ್ಣು ಉದುರತೊಡಗಿದರೆ ಅವರನ್ನು ಹೊತ್ತು ಹೊರತರುವ ನಾಲ್ವರು ಯಾರು? ಯಾರಾದರೂ ಬರುತ್ತಾರೆ ಎನ್ನಬೇಡಿ. ಹೆಸರು ಹೇಳಿ. ಆ ನಾಲ್ವರಿಗೂ ಅದು ಮುಂಚೆಯೇ ಗೊತ್ತಿರಲಿ. ಒಬ್ಬ ಊರಲ್ಲಿಲ್ಲದಿದ್ದರೆ ಐದನೆಯವನು ಯಾರೆಂದೂ ಗೊತ್ತಿರಲಿ. ನಮ್ಮ ಕಥೋಲಿಕರ ಮನೆ ಊರಲ್ಲಿ ಒಂದಿರಲಿ ಹತ್ತಿರಲಿ, ನಾಲ್ವರಲ್ಲಿ ನಾಲ್ವರೂ ನಮ್ಮವರೇ ಆಗಬೇಕಿಲ್ಲ, ಹಾಸಿಗೆಯಲ್ಲಿರುವವರೂ ನಮ್ಮವರೇ ಆಗಬೇಕಿಲ್ಲ. ಗೋಡೆ ಜಾತಿ ಕೇಳಿ ಬೀಳುವುದಿಲ್ಲ. ದಾರಿಯಲ್ಲಿ ಬಿದ್ದವನನ್ನು ಎತ್ತಿದ ಸಮಾರಿಯದವನೂ ಕೇಳಲಿಲ್ಲ.

ಕಿರು ಕ್ರೈಸ್ತ ಸಮುದಾಯಗಳ ಮುಂದಿನ ಕೂಟದಲ್ಲಿ ವಾಚನ, ವಿಚಿಂತನೆ ಮುಗಿದ ಮೇಲೆ ಕಾಲು ಗಂಟೆ ಇದಕ್ಕೆ ಕೊಡಿ. ಪಾಲನಾ ಸಮಿತಿಯವರು ಗ್ರಾಮಸಭೆಗೆ ಹೋಗುವ ರೂಢಿ ಮಾಡಿಕೊಳ್ಳಲಿ. ಅಲ್ಲಿ ಭಾಷಣ ಬೇಡ, ಎರಡು ಪ್ರಶ್ನೆ ಸಾಕು: ಮನೆ ಬಿಡಬೇಕಾಗಿ ಬಂದರೆ ಊರವರು ಎಲ್ಲಿ ಸೇರಬೇಕು? ಶಾಲೆಯಲ್ಲಾದರೆ ರಾತ್ರಿ ಹೊತ್ತು ಅದರ ಬೀಗದ ಕೈ ಯಾರ ಹತ್ತಿರ ಇರುತ್ತದೆ? ಎರಡನೆಯ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಮೊದಲನೆಯದರ ಉತ್ತರಕ್ಕೆ ಬೆಲೆಯಿಲ್ಲ. ನಮ್ಮ ದೇವಾಲಯದ ಸಭಾಂಗಣದ ಕೈ ಎಲ್ಲಿದೆ ಎಂಬುದನ್ನೂ ಆಗಲೇ ಹೇಳಿಬಿಡಿ. ಗುರುಗಳು ಊರಲ್ಲಿಲ್ಲದ ದಿನವೇ ಮಳೆ ಬಂದೀತು.

ಮನೆಯೊಳಗೆ ನೋಡಬೇಕಾದ ಗುರುತುಗಳು ನಿಮಗೆ ಗೊತ್ತಿರುವವೇ: ಗೋಡೆ ಹೊಟ್ಟೆ ಬಿಟ್ಟಂತೆ ಉಬ್ಬುವುದು, ನಿನ್ನೆಯವರೆಗೆ ಮುಚ್ಚುತ್ತಿದ್ದ ಬಾಗಿಲು ಇಂದು ಹಿಡಿದುಕೊಳ್ಳುವುದು, ತೊಲೆಯ ತುದಿಯಲ್ಲಿ ಮಣ್ಣು ಸಣ್ಣಗೆ ಸುರಿಯುವುದು, ರಾತ್ರಿ ಕಟಕಟ ಸದ್ದು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಬೇಡಿ. ಮಾಳಿಗೆಯ ನೀರು ಹರಿದುಹೋಗುವ ದೋಣಿಯಲ್ಲಿ ಕಸ ಕಟ್ಟಿದೆಯೇ ನೋಡಿ. ಜಡಿಮಳೆ ಹಿಡಿಯುವ ಮುಂಚೆಯೇ ಒಂದು ತಾಡಪತ್ರಿ ಹೊದಿಸಿಡಿ, ಮಳೆಯಲ್ಲಿ ಅದನ್ನು ಹೊದಿಸಲು ಮಾಳಿಗೆ ಹತ್ತುವುದೇ ಒಂದು ಅಪಾಯ. ಅಟ್ಟದ ಮೇಲಿನ ಚೀಲಗಳನ್ನು ಕೆಳಗಿಳಿಸಿ. ಒದ್ದೆ ಗೋಡೆಯ ಮೇಲಿರುವ ವಿದ್ಯುತ್ ಬೋರ್ಡನ್ನು ಮುಟ್ಟಬೇಡಿ. ಆಧಾರ್, ಪಡಿತರ ಚೀಟಿ, ಹೊಲದ ಪತ್ರ, ಅಜ್ಜನ ಗುಳಿಗೆಗಳು, ಒಂದು ಬ್ಯಾಟರಿ ಎಲ್ಲವೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಬಾಗಿಲ ಹತ್ತಿರದ ಗೂಟಕ್ಕೆ ತೂಗುತ್ತಿರಲಿ. ಜಿಲ್ಲೆಯ ನಿಯಂತ್ರಣ ಕೊಠಡಿಯ ಸಂಖ್ಯೆ 1077 ಎಂದು ಅದೇ ಗೂಟದ ಮೇಲೆ ಗೋಡೆಗೆ ಬರೆದಿಡಿ, ಮಕ್ಕಳ ಕೈಯಲ್ಲೇ ಬರೆಸಿ.

ಮತ್ತು ಈ ಭಾನುವಾರ ಪೂಜೆ ಮುಗಿಸಿ ಮನೆಗೆ ಹೋಗುವ ಮುನ್ನ, ನಿಮ್ಮ ಓಣಿಯಲ್ಲಿ ಒಬ್ಬರೇ ಇರುವ ಆ ಅಜ್ಜಿಯನ್ನು ಮಾತನಾಡಿಸಿ ಬನ್ನಿ. ಅವರ ಮಂಚ ಯಾವ ಗೋಡೆಗೆ ತಾಗಿದೆ ನೋಡಿ. ಹೊರಗೋಡೆಗೆ ತಾಗಿದ್ದರೆ, “ಯವ್ವಾ, ಸ್ವಲ್ಪ ಈಚೆ ಸರಸ್ತೀನಿ” ಎಂದು ಕೇಳಿ, ಅಲ್ಲಿಯೇ ಒಂದು ತುದಿ ಹಿಡಿದು ಸರಿಸಿಬಿಡಿ.